ಬಂದ ಪತ್ರಕ್ಕೆ ಉತ್ತರ ಬರೆದವರು ಯಾರು?

(‘ನಾಮ್’ ಹಿಂದಿ ಚಲನಚಿತ್ರ – ಒಂದು ಮರುನೋಟ)



ನಮ್ಮ ಸಂಘದ ಕಾರ್ಯಕ್ರಮ ಯಾವುದೇ ಇರಲಿ, ರಾಜ್ಯೋತ್ಸವವಾಗಲಿ, ಯುಗಾದಿಯಾಗಲಿ, ಊಟಕ್ಕೆ ಏಳುವ ಮುಂಚೆ ಯಾರಾದರೊಬ್ಬರು ಮೈಕ್ ಹಿಡಿದು ‘ಚಿಠ್ಠಿ ಆಯೀ ಹೈ’ ಹಾಡದೆ ಸಭೆ ಮುಗಿಯುವುದಿಲ್ಲ. ಕನ್ನಡ ಸಂಘದಲ್ಲಿ ಹಿಂದಿ ಹಾಡೇಕೆ ಎಂದು ಮುನಿಸಿಕೊಳ್ಳುವ ಹಿರಿಯರೂ ಈ ಒಂದು ಹಾಡಿಗೆ ವಿನಾಯಿತಿ ಕೊಟ್ಟಿದ್ದಾರೆ. ಅದನ್ನು ಹಾಡಿದ ಪಂಕಜ್ ಉಧಾಸ್ 2024ರ ಫೆಬ್ರವರಿ 26ರಂದು ತೀರಿಕೊಂಡ ಮೇಲಂತೂ ಅದರ ಬೇಡಿಕೆ ಇನ್ನೂ ಹೆಚ್ಚಿತು. ಹಾಡು ಶುರುವಾದರೆ ಸಾಕು, ನಮ್ಮ ಮಹಿಳೆಯರು ಸೆರಗಿನ ತುದಿ ಹುಡುಕುತ್ತಾರೆ, ಗಂಡಸರು ಕನ್ನಡಕ ಒರೆಸುವ ನೆಪ ಮಾಡುತ್ತಾರೆ. ಆಮೇಲೆ ಎಲ್ಲರೂ ಬಿಸಿಬೇಳೆ ಬಾತಿನ ಸಾಲಿಗೆ ನಿಲ್ಲುತ್ತೇವೆ.

ಕಳೆದ ಸಲ ಹೀಗೇ ಹಾಡು ನಡೆದಿತ್ತು. ನಾನು ಹಿಂದಿನ ಬಾಗಿಲ ಹತ್ತಿರ ಇದ್ದೆ. ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಜೋಡಿಸಿಡಲು ಬಂದಿದ್ದ ಕೆಲಸದ ಹುಡುಗನೊಬ್ಬ ಅಲ್ಲೇ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದ. ಅವನ ಕಣ್ಣಲ್ಲಿ ನೀರಿರಲಿಲ್ಲ. ಮಾತಾಡಿಸಿದೆ. ಹಾವೇರಿ ಕಡೆಯವನು. ಊರಿಗೆ ಹೋಗಿ ಎಷ್ಟು ದಿನವಾಯಿತಪ್ಪಾ ಎಂದೆ. “ಮೂರು ವರ್ಷ ಆತ್ರೀ ಅಣ್ಣಾರ. ಪಾಸ್‌ಪೋರ್ಟ್ ಕಂಪನ್ಯಾಗ ಐತ್ರಿ, ಕೇಳಿದ್ರ ಇವತ್ತು ನಾಳೆ ಅಂತಾರ್ರಿ” ಎಂದ. ಮನೆಯಲ್ಲಿ ಗೊತ್ತೇ ಎಂದೆ. “ಅವ್ವಗ ಹ್ಯಾಂಗ್ರಿ ಹೇಳೂದು?” ಎಂದು ಕುರ್ಚಿ ಎತ್ತಲು ಹೋದ.

ಆ ರಾತ್ರಿ ಮನೆಗೆ ಬಂದು, ಎಷ್ಟೋ ವರ್ಷಗಳ ನಂತರ ‘ನಾಮ್’ ಚಿತ್ರವನ್ನು ಮೊದಲಿನಿಂದ ಕೊನೆವರೆಗೆ ಮತ್ತೊಮ್ಮೆ ನೋಡಿದೆ. ನಾವು ಹಾಡನ್ನು ಇಟ್ಟುಕೊಂಡು ಚಿತ್ರವನ್ನು ಮರೆತಿದ್ದೇವೆ ಎನ್ನಿಸಿತು. ಅದಕ್ಕೇ ಈ ಬರಹ.

ಚಿತ್ರ ಬಂದದ್ದು 1986ರಲ್ಲಿ. ನಿರ್ದೇಶನ ಮಹೇಶ್ ಭಟ್, ಕಥೆ ಸಲೀಮ್ ಖಾನ್, ಸಂಗೀತ ಲಕ್ಷ್ಮೀಕಾಂತ್–ಪ್ಯಾರೇಲಾಲ್, ಗೀತೆಗಳು ಆನಂದ್ ಬಕ್ಷಿಯವರದು. ತಾಯಿಯಾಗಿ ನೂತನ್, ಅಣ್ಣ ರವಿಯಾಗಿ ಕುಮಾರ್ ಗೌರವ್, ತಮ್ಮ ವಿಕ್ಕಿಯಾಗಿ ಸಂಜಯ್ ದತ್. ಅಮೃತಾ ಸಿಂಗ್, ಪೂನಮ್ ಧಿಲ್ಲೋನ್ ಇದ್ದಾರೆ. ಖಳನಾಯಕ ರಾಣಾನಾಗಿ ಪರೇಶ್ ರಾವಲ್. ಇವತ್ತು ಅವರನ್ನು ನಗಿಸುವ ನಟರೆಂದೇ ತಿಳಿದಿರುವ ನಮ್ಮ ಮಕ್ಕಳು ಈ ಚಿತ್ರ ನೋಡಿದರೆ ಬೆಚ್ಚಿಬೀಳುತ್ತಾರೆ.

ಕಥೆ ಸರಳ. ಬಡ ಮನೆ, ಒಬ್ಬ ತಾಯಿ, ಇಬ್ಬರು ಮಕ್ಕಳು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲ, ಆದರೂ ಒಬ್ಬರಿಗೊಬ್ಬರು ಪ್ರಾಣ. ಅಣ್ಣ ದುಡಿಯುವವನು, ತಮ್ಮ ಬೇಗ ಹಣ ಮಾಡುವ ಹುಚ್ಚಿನವನು. ದುಬೈಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂಬ ಕನಸು ತಮ್ಮನ ತಲೆಗೆ ಹೊಕ್ಕುತ್ತದೆ. ಅಣ್ಣ ಹೇಗೋ ಹಣ ಹೊಂದಿಸಿ ಕಳಿಸುತ್ತಾನೆ. ಹೋದ ಮೇಲೆ ಮೋಸ ತಿಳಿಯುತ್ತದೆ. ಹಿಂದಿರುಗಲು ದಾರಿಯಿಲ್ಲ. ಕಳ್ಳಸಾಗಣೆಯ ಗುಂಪಿನ ಕೈಗೆ ಸಿಗುತ್ತಾನೆ, ಹಾಂಗ್‌ಕಾಂಗ್‌ನ ಬೀದಿಗಳಲ್ಲಿ ಅಪರಾಧದ ಬದುಕು. ಮನೆಗೆ ಮರಳಬೇಕೆಂಬ ಹಂಬಲ, ಬಿಡದ ಯಜಮಾನ, ಹುಡುಕಿಕೊಂಡು ಬರುವ ಅಣ್ಣ. ಕೊನೆಗೆ ಏನಾಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಗಳ ಎಷ್ಟೋ ಮಕ್ಕಳು ಇನ್ನೂ ನೋಡಿಲ್ಲ.

ಸಲೀಮ್ ಖಾನ್ ಎಂದ ಕೂಡಲೇ ಜಾವೇದ್ ಅಖ್ತರ್ ಜೊತೆ ಬರೆದ ‘ದೀವಾರ್’ (1975) ನೆನಪಾಗುತ್ತದೆ. ಅಲ್ಲಿಯೂ ತಾಯಿ, ಇಬ್ಬರು ಮಕ್ಕಳು, ಕಳ್ಳಸಾಗಣೆ. ಜೋಡಿ ಬೇರೆಯಾದ ಮೇಲೆ ಸಲೀಮ್ ಒಬ್ಬರೇ ಬರೆದ ಮೊದಲಿನ ಚಿತ್ರಗಳಲ್ಲಿ ‘ನಾಮ್’ ಒಂದು. ಹಳೆಯ ಸರಕನ್ನೇ ಮತ್ತೆ ಮಾರಿದರು ಎನ್ನಬಹುದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ‘ದೀವಾರ್’ನಲ್ಲಿ ಒಳ್ಳೆಯ ಮಗನ ಮೈಮೇಲೆ ಪೊಲೀಸ್ ಸಮವಸ್ತ್ರವಿದೆ, ಅಣ್ಣತಮ್ಮಂದಿರು ಎದುರುಬದುರು ನಿಲ್ಲುತ್ತಾರೆ, ತಾಯಿ ಒಬ್ಬನನ್ನು ಆರಿಸಿಕೊಳ್ಳಬೇಕಾಗುತ್ತದೆ. ‘ನಾಮ್’ನಲ್ಲಿ ಅಣ್ಣ ತಮ್ಮನ ಎದುರಿಗೆ ನಿಲ್ಲುವುದಿಲ್ಲ, ಬೆನ್ನಿಗೆ ನಿಲ್ಲುತ್ತಾನೆ. ಇಬ್ಬರ ನಡುವೆ ಇರುವ ಗೋಡೆ ನ್ಯಾಯದ್ದಲ್ಲ, ದೂರದ್ದು. ಒಂದು ಪಾಸ್‌ಪೋರ್ಟು, ಒಂದು ವೀಸಾ, ಒಂದು ಸಮುದ್ರ. ಪರದೇಶದಲ್ಲಿ ದುಡಿಯುವವರ ಬದುಕನ್ನು ಹಿಂದಿ ಚಿತ್ರರಂಗ ಅಪರಾಧ ಕಥೆಯೊಳಗೆ ಇಷ್ಟು ಗಟ್ಟಿಯಾಗಿ ತಂದದ್ದು ಅಪರೂಪ.

ಈಗ ಹಾಡಿಗೆ ಬರೋಣ. ಪಂಕಜ್ ಉಧಾಸ್ ಚಿತ್ರದಲ್ಲಿ ಪಂಕಜ್ ಉಧಾಸ್ ಆಗಿಯೇ ವೇದಿಕೆಯ ಮೇಲೆ ಕುಳಿತು ಹಾಡುತ್ತಾರೆ. ಪರದೇಶದ ಸಭಾಂಗಣ, ತುಂಬ ನಮ್ಮವರು. ಕ್ಯಾಮೆರಾ ಒಬ್ಬೊಬ್ಬರ ಮುಖದ ಮೇಲೆ ನಿಧಾನವಾಗಿ ಹೋಗುತ್ತದೆ. ಹಾಡಿನಲ್ಲಿ ಊರಿನಿಂದ ಪತ್ರ ಬರುತ್ತದೆ: ನೀನಿಲ್ಲದೆ ಹಬ್ಬ ಹಬ್ಬವಲ್ಲ, ಮನೆಯವರು ಕಾದು ಸೋತರು, ಹಣ ಸಾಕಷ್ಟಾಯಿತು, ಇನ್ನು ಬಾ. ಬರೆದ ಆನಂದ್ ಬಕ್ಷಿ ಹುಟ್ಟಿದ್ದು ರಾವಲ್ಪಿಂಡಿಯಲ್ಲಿ. ದೇಶ ವಿಭಜನೆಯಾದಾಗ ಹರೆಯದಲ್ಲೇ ಆ ಊರು ಬಿಟ್ಟು ಬಂದವರು. ಬಿಟ್ಟ ಊರಿನ ನೋವು ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಆದ್ದರಿಂದ ಹಾಡಿನ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ.

ನನ್ನ ತಕರಾರು ನಾವು ಅದನ್ನು ಕೇಳುವ ರೀತಿಯ ಬಗ್ಗೆ.

ಚಿತ್ರದಲ್ಲಿ ಆ ಸಭಾಂಗಣದಲ್ಲಿ ಕುಳಿತ ವಿಕ್ಕಿಗೆ ಊರಿಗೆ ಹೋಗಲು ಮನಸ್ಸಿಲ್ಲದೆ ಅಲ್ಲ. ಅವನಿಗೆ ಹೋಗಲು ಆಗುವುದಿಲ್ಲ. ಹಾಡು ‘ಬಾ’ ಎಂದು ಕರೆಯುತ್ತದೆ, ಕಥೆ ಅವನ ಕಾಲು ಕಟ್ಟಿದೆ. ಆ ದೃಶ್ಯದ ಶಕ್ತಿ ಇರುವುದೇ ಇಲ್ಲಿ. ನಾವಾದರೋ ವರ್ಷಕ್ಕೊಮ್ಮೆ ಟಿಕೆಟ್ ಕೊಂಡು ಹೋಗಿಬರುವವರು, ಬೇಕಾದರೆ ನಾಳೆಯೇ ಹೋಗಬಲ್ಲವರು. ಹಣ, ಮಕ್ಕಳ ಶಾಲೆ, ಮನೆ ಸಾಲ ಎಂದು ನಾವೇ ಉಳಿದುಕೊಂಡಿದ್ದೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವಿಕ್ಕಿಯ ಕಣ್ಣೀರನ್ನು ನಮ್ಮದೆಂದು ಎತ್ತಿಕೊಂಡು ಹಾಯಾಗಿ ಅಳುವಾಗ, ನಿಜವಾದ ವಿಕ್ಕಿ ಹಿಂದಿನ ಬಾಗಿಲಲ್ಲಿ ಕುರ್ಚಿ ಎತ್ತಲು ಕಾಯುತ್ತಿರುತ್ತಾನೆ.

ಇನ್ನೊಂದು ಮಾತು. ಹಾಡಿನಲ್ಲಿ ಪತ್ರ ಬಂದಿದೆ, ಉತ್ತರ ಇಲ್ಲ. ಮನೆಯವರ ದೂರು ಕೇಳಿದೆವು, ಹೋದವನ ಕಥೆ ಕೇಳಲಿಲ್ಲ. ನಮ್ಮ ನೆರೆಯ ಕೇರಳದ ಮಾಪ್ಪಿಳ ಹಾಡುಗಳಲ್ಲಿ ಇದಕ್ಕಿಂತ ಮೊದಲೇ, 1970ರ ದಶಕದಲ್ಲಿ, ಎಸ್. ಎ. ಜಮೀಲ್ ಅವರ ‘ದುಬೈ ಕತ್ತು’ ಪ್ರಸಿದ್ಧವಾಗಿತ್ತು. ಕತ್ತು ಎಂದರೆ ಪತ್ರ. ಗಲ್ಫಿಗೆ ಹೋದ ಗಂಡನಿಗೆ ಹೆಂಡತಿ ಬರೆಯುವ ಪತ್ರದ ರೂಪದ ಹಾಡು ಅದು. ಜಮೀಲ್ ಅಷ್ಟಕ್ಕೇ ನಿಲ್ಲಿಸಲಿಲ್ಲ, ಗಂಡನ ಉತ್ತರವನ್ನೂ ಹಾಡಾಗಿ ಬರೆದರು. ಕೇಳಿದವರಿಗೆ ಎರಡು ಕಡೆಯ ಸಂಕಟವೂ ತಿಳಿಯಿತು. ‘ನಾಮ್’ನ ಹಾಡಿಗೆ ಅಂಥ ಜೋಡಿ ಇಲ್ಲ. ಆದರೆ ಚಿತ್ರದ ಉಳಿದ ಭಾಗವೇ ಆ ಉತ್ತರ ಎಂದು ನಾನು ತಿಳಿಯುತ್ತೇನೆ. ಹಾಡನ್ನಷ್ಟೇ ಕತ್ತರಿಸಿ ತೆಗೆದುಕೊಂಡರೆ ಪತ್ರ ಮಾತ್ರ ನಮ್ಮ ಕೈಯಲ್ಲಿ ಉಳಿಯುತ್ತದೆ.

ಚಿತ್ರದಲ್ಲಿ ದೋಷಗಳಿಲ್ಲವೇ? ಬೇಕಾದಷ್ಟಿವೆ. ದೊಡ್ಡ ದೋಷವೆಂದರೆ ಖಳನಾಯಕನೇ. ಪರೇಶ್ ರಾವಲ್ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾರೆಂದರೆ, ಎಲ್ಲ ಪಾಪದ ಹೊರೆಯೂ ಅವನೊಬ್ಬನ ತಲೆಯ ಮೇಲೆ ಬೀಳುತ್ತದೆ. ಅವನನ್ನು ಸೋಲಿಸಿದರೆ ಎಲ್ಲ ಸರಿಹೋಯಿತು ಎಂಬ ಭ್ರಮೆ ಹುಟ್ಟುತ್ತದೆ. ನಿಜ ಜೀವನದಲ್ಲಿ ನಮ್ಮ ಹುಡುಗರನ್ನು ಕಟ್ಟಿಹಾಕುವವನು ಬಂದೂಕು ಹಿಡಿದು ಬರುವುದಿಲ್ಲ. ಊರಿನಲ್ಲಿ ನಗುನಗುತ್ತಾ ಹಣ ಎಣಿಸಿಕೊಳ್ಳುವ ಏಜೆಂಟ್, ಇಲ್ಲಿ ಡ್ರಾಯರಿನಲ್ಲಿ ಪಾಸ್‌ಪೋರ್ಟ್ ಇಟ್ಟು ಬೀಗ ಹಾಕುವ ಗುಮಾಸ್ತ. ಒಬ್ಬನಿಗೂ ತಾನು ಖಳನಾಯಕ ಎಂದು ಅನಿಸುವುದಿಲ್ಲ. ಚಿತ್ರ ಬರುವುದಕ್ಕೆ ಮೂರು ವರ್ಷ ಮೊದಲೇ, 1983ರಲ್ಲಿ, ನಮ್ಮ ದೇಶದಲ್ಲಿ ವಲಸೆ ಕಾಯಿದೆ ಬಂದು ವಿದೇಶಕ್ಕೆ ಜನ ಕಳಿಸುವ ಏಜೆಂಟರು ನೋಂದಣಿ ಮಾಡಿಸಲೇಬೇಕೆಂದಾಗಿತ್ತು. ಕಾಯಿದೆ ಇದ್ದೂ ಮೋಸ ನಿಲ್ಲಲಿಲ್ಲ. ಚಿತ್ರದ ಮೊದಲ ಭಾಗ, ಅಂದರೆ ಸಣ್ಣ ಮನೆ, ಹಣದ ಪರದಾಟ, ಕನಸು ಮಾರುವವರ ಮಾತು, ಅದೇ ನಿಜವಾದ ಅಪರಾಧ ಚಿತ್ರ. ಹಾಂಗ್‌ಕಾಂಗ್‌ನ ಹೊಡೆದಾಟ ಟಿಕೆಟ್ ಕೊಂಡವರಿಗಾಗಿ.

ಮಲಯಾಳಿಗಳು ಇದನ್ನು ಮುಂದೆ ತಿದ್ದಿದರು. ಸಲೀಮ್ ಅಹಮದ್ ನಿರ್ದೇಶನದ ‘ಪತ್ತೇಮಾರಿ’ಯಲ್ಲಿ (2015) ಮಮ್ಮೂಟ್ಟಿಯವರ ನಾರಾಯಣನಿಗೆ ಎದುರಾಳಿ ಖಳನಾಯಕನಿಲ್ಲ. ಗಲ್ಫಿನಲ್ಲಿ ಜೀವನಪೂರ್ತಿ ದುಡಿದು, ತನ್ನ ಕಷ್ಟವನ್ನು ಮನೆಯವರಿಗೆ ಹೇಳದೆ ನುಂಗಿಕೊಂಡವನ ಕಥೆ ಅದು. ಬೆನ್ಯಾಮಿನ್ ಅವರ 2008ರ ಕಾದಂಬರಿ ‘ಆಡುಜೀವಿತಂ’ ಬ್ಲೆಸ್ಸಿಯವರ ಕೈಯಲ್ಲಿ 2024ರಲ್ಲಿ ಚಿತ್ರವಾಯಿತು. ಅಲ್ಲಿಯೂ ಕೆಲಸ ಹುಡುಕಿ ಬಂದ ಸಾಮಾನ್ಯ ಮನುಷ್ಯನೊಬ್ಬ ಮರುಭೂಮಿಯಲ್ಲಿ ಸಿಕ್ಕಿಬೀಳುತ್ತಾನೆ. ಕನ್ನಡದಲ್ಲಿ ನಮಗೆ ನಾಗತಿಹಳ್ಳಿ ಚಂದ್ರಶೇಖರರ ‘ಅಮೇರಿಕಾ ಅಮೇರಿಕಾ’ (1997) ಸಿಕ್ಕಿತು. ಒಳ್ಳೆಯ ಚಿತ್ರ, ಆದರೆ ಅದು ವೀಸಾ ಸರಿಯಿದ್ದವರ ಮನಸ್ಸಿನ ತೊಳಲಾಟ. ಗಲ್ಫಿನ ನಮ್ಮ ಕನ್ನಡ ಹುಡುಗನ ಕಥೆಯನ್ನು ಅಷ್ಟೇ ಚೆನ್ನಾಗಿ ಹೇಳುವ ಚಿತ್ರಕ್ಕೆ ನಾನು ಇನ್ನೂ ಕಾಯುತ್ತಿದ್ದೇನೆ.

ಇಷ್ಟೆಲ್ಲ ದೋಷಗಳ ನಡುವೆಯೂ ‘ನಾಮ್’ ನನಗೆ ದೊಡ್ಡದಾಗಿ ಕಾಣುವುದು ಅಣ್ಣ ರವಿಯಿಂದಾಗಿ. ಚಿತ್ರದ ನಿರ್ಮಾಪಕರು ಹಿರಿಯ ನಟ ರಾಜೇಂದ್ರ ಕುಮಾರ್. ಕುಮಾರ್ ಗೌರವ್ ಅವರ ಮಗ. ನಿಜ ಜೀವನದಲ್ಲಿ ಕುಮಾರ್ ಗೌರವ್ ಸಂಜಯ್ ದತ್ ಅವರ ತಂಗಿಯ ಗಂಡ. ಮಗನಿಗೆ ಹೊಸ ದಾರಿಯಾಗಲಿ ಎಂದು ತಂದೆ ಮಾಡಿದ ಚಿತ್ರ. ಆದರೆ ಚಪ್ಪಾಳೆ ಎಲ್ಲ ಹೋದದ್ದು ಸಂಜಯ್ ದತ್‌ಗೆ. ಸಹಜವೇ. ದಾರಿತಪ್ಪಿದವನು, ನೊಂದವನು, ಅಳುವವನು ಪರದೆ ತುಂಬುತ್ತಾನೆ. ಮನೆಯಲ್ಲಿ ಉಳಿದು, ಅಮ್ಮನನ್ನು ನೋಡಿಕೊಂಡು, ತಮ್ಮನಿಗಾಗಿ ಹಣ ಹೊಂದಿಸುವವನು ಎಷ್ಟು ಚೆನ್ನಾಗಿ ಅಭಿನಯಿಸಿದರೂ ಗೋಡೆಯ ಬಣ್ಣದಂತೆ ಕಣ್ಣಿಗೆ ಬೀಳುವುದಿಲ್ಲ. ಈ ಸಲ ನೋಡುವಾಗ ನಾನು ಬೇಕೆಂದೇ ಕುಮಾರ್ ಗೌರವ್ ಅವರನ್ನೇ ನೋಡುತ್ತಾ ಹೋದೆ. ಮಾತಿಗಿಂತ ಹೆಚ್ಚು ಸುಮ್ಮನಿರುವ ಅಭಿನಯ. ಅವರ ಪಕ್ಕದಲ್ಲಿ ನೂತನ್. ಸಿನಿಮಾ ತಾಯಂದಿರ ಗೋಳಾಟ ಅವರಲ್ಲಿಲ್ಲ. ಕಾಯುವ ಹೆಂಗಸಿನ ದಣಿವು ಇದೆ. 1991ರಲ್ಲಿ ಅವರು ತೀರಿಕೊಂಡರು. ಕೊನೆಯ ವರ್ಷಗಳ ಅವರ ಒಳ್ಳೆಯ ಪಾತ್ರಗಳಲ್ಲಿ ಇದೂ ಒಂದು.

ರವಿಯನ್ನು ನೋಡುವಾಗ ನನಗೆ ಸಿನಿಮಾ ಮರೆತುಹೋಯಿತು. ಸ್ವಂತ ಮಾತು ಬರೆಯುವುದಕ್ಕೆ ಓದುಗರು ಕ್ಷಮಿಸಬೇಕು.

ನಾನು ದುಬೈಗೆ ಬಂದದ್ದು 1988ರಲ್ಲಿ. ಕುಂದಾಪುರದ ಹತ್ತಿರದ ಹಳ್ಳಿ ನಮ್ಮದು. ವೀಸಾದ ಹಣಕ್ಕೆ ಅಣ್ಣ ಸೊಸೈಟಿಯಲ್ಲಿ ಸಾಲ ಮಾಡಿದ, ಅದು ಸಾಲದೆ ಅತ್ತಿಗೆಯ ಬಳೆ ಅಡವಿಟ್ಟ. ಆಫೀಸ್ ಕೆಲಸ ಎಂದು ಹೇಳಿ ಕಳಿಸಿದ್ದರು. ಇಲ್ಲಿ ನೋಡಿದರೆ ಗೋದಾಮಿನಲ್ಲಿ ಪೆಟ್ಟಿಗೆ ಹೊರುವುದು. ಒಂದು ಕೋಣೆಯಲ್ಲಿ ಎಂಟು ಜನ. ನಾನು ಮನೆಗೆ ಬರೆದದ್ದು ಏನು? “ಆಫೀಸಿನಲ್ಲಿ ಕೆಲಸ, ಎ.ಸಿ. ಇದೆ, ಊಟಕ್ಕೆ ತೊಂದರೆಯಿಲ್ಲ.” ಎ.ಸಿ. ಇದ್ದದ್ದು ನಿಜ, ಗೋದಾಮಿನ ಸರಕು ಕೆಡಬಾರದೆಂದು. ‘ನಾಮ್’ ಚಿತ್ರವನ್ನು ನಾನು ಮೊದಲು ನೋಡಿದ್ದು ಆ ಕೋಣೆಯಲ್ಲೇ. ಒಂದು ಶುಕ್ರವಾರ, ಆಗ ಶುಕ್ರವಾರವೇ ವಾರದ ರಜೆ, ಎಂಟು ಜನರೂ ಹಣ ಕೂಡಿಸಿ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ತಂದೆವು. ಹಾಡು ಬಂದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯತೊಡಗಿದ. ಪಾತ್ರೆಗಳನ್ನು ಆಗಲೇ ತೊಳೆದಿಟ್ಟಾಗಿತ್ತು.

ಅಣ್ಣನ ಪತ್ರ ತಿಂಗಳಿಗೊಂದು ಬರುತ್ತಿತ್ತು. ಅದೇ ನಾಲ್ಕು ಸಾಲು: ಅಮ್ಮ ಕ್ಷೇಮ, ಮಳೆ ಚೆನ್ನಾಗಿದೆ, ದನ ಕರು ಹಾಕಿದೆ, ನೀನು ಆರೋಗ್ಯ ನೋಡಿಕೋ. ಎರಡೂವರೆ ವರ್ಷದ ಮೇಲೆ ರಜೆಗೆ ಹೋದಾಗ ಅಮ್ಮ ಕೋಲು ಹಿಡಿದು ಬಾಗಿಲಿಗೆ ಬಂದಳು. ನಾನು ಹೊರಟ ವರ್ಷವೇ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಮೂರು ತಿಂಗಳು ಮಲಗಿದ್ದಳಂತೆ. ಅಣ್ಣನ ಮೇಲೆ ರೇಗಿದೆ, ಯಾಕೆ ಬರೆಯಲಿಲ್ಲ ಎಂದು. ಅವನು ಅಡಿಕೆ ಸುಲಿಯುವುದನ್ನು ನಿಲ್ಲಿಸದೆ ಹೇಳಿದ: “ಬರೆದಿದ್ರೆ ನೀನು ಎಂತ ಮಾಡ್ತಿದ್ದೆ ಮಾರಾಯ? ಟಿಕೆಟಿಗೆ ದುಡ್ಡಿತ್ತಾ ನಿನ್ನ ಹತ್ರ? ಆಫೀಸು ಅಂತ ನೀನು ಬರೆದದ್ದನ್ನು ನಾನು ಎಂಥದ್ದಾದ್ರೂ ಕೇಳಿದ್ನಾ?”

ಅವನಿಗೆ ಗೊತ್ತಿತ್ತು. ಊರಿಗೆ ಬಂದ ಯಾರೋ ಹೇಳಿದ್ದರು. ಅವನು ನನ್ನ ಸುಳ್ಳನ್ನು ಕಾಪಾಡಿದ, ನಾನು ತಿಳಿಯದೆ ಅವನ ಸುಳ್ಳನ್ನು ನಂಬಿದೆ. ಆ ಎರಡು ಸುಳ್ಳಿನ ಮೇಲೆ ನಮ್ಮ ಮನೆ ನಿಂತಿತು.

ಆದ್ದರಿಂದ ನನಗೆ ಈಗ ಅನ್ನಿಸುವುದು ಇಷ್ಟು. ‘ನಾಮ್’ ಚಿತ್ರದ ನಿಜವಾದ ವಿಷಯ ಕಳ್ಳಸಾಗಣೆಯಲ್ಲ, ಪತ್ರದಲ್ಲಿ ಬರೆಯಲಾಗದ ಮಾತು. ತಾನು ಇಂಥ ಜಾಲದಲ್ಲಿ ಸಿಕ್ಕಿದ್ದೇನೆ ಎಂದು ಯಾವ ಮಗ ತಾಯಿಗೆ ಬರೆದಾನು? ನಮ್ಮ ಕಥೆಗಳಲ್ಲಿ ಆ ಸುಳ್ಳು ಪ್ರೀತಿಯ ಸುಳ್ಳಾಗಿ ಮುಗಿಯಿತು, ಯಾಕೆಂದರೆ ನಮಗೆ ರಾಣಾ ಸಿಗಲಿಲ್ಲ, ಪಾಸ್‌ಪೋರ್ಟ್ ಕೈಯಲ್ಲಿತ್ತು, ಕೆಲಸ ಬದಲಾಯಿತು. ಅದೃಷ್ಟ, ಅಷ್ಟೇ. ಎಲ್ಲರಿಗೂ ಹಾಗಾಗುವುದಿಲ್ಲ. ಬಾಯಿ ಮುಚ್ಚಿಕೊಂಡವನ ಮೇಲೆಯೇ ಮೋಸಗಾರ ಬದುಕುತ್ತಾನೆ. ಮರ್ಯಾದೆಗೆ ಹೆದರಿ ಮನೆಗೆ ಹೇಳದವನು ಠಾಣೆಗೂ ಹೇಳುವುದಿಲ್ಲ, ಸಂಘಕ್ಕೂ ಹೇಳುವುದಿಲ್ಲ.

ಹಾವೇರಿಯ ಹುಡುಗನ ವಿಷಯಕ್ಕೆ ಬಂದರೆ, ನಾನು ಅವನ ನಂಬರ್ ತೆಗೆದುಕೊಂಡಿದ್ದೆ. ಪಾಸ್‌ಪೋರ್ಟ್ ನಮ್ಮ ಕಾನೂನಿನ ಪ್ರಕಾರ ಭಾರತ ಸರ್ಕಾರದ ಸ್ವತ್ತು. ಈ ದೇಶದಲ್ಲಿಯೂ ನೌಕರರ ಪಾಸ್‌ಪೋರ್ಟನ್ನು ಕಂಪನಿ ಹಿಡಿದಿಡುವಂತಿಲ್ಲ. ಇದನ್ನು ಅವನಿಗೆ ಹೇಳಲು ಮೂರು ವರ್ಷದಲ್ಲಿ ಒಬ್ಬರೂ ಸಿಕ್ಕಿರಲಿಲ್ಲ. ಕಷ್ಟದಲ್ಲಿರುವ ನಮ್ಮವರಿಗಾಗಿ 2009ರಿಂದ ಭಾರತೀಯ ರಾಯಭಾರ ಕಚೇರಿಗಳಲ್ಲಿ ಸಮುದಾಯ ಕಲ್ಯಾಣ ನಿಧಿ ಎಂಬುದಿದೆ ಎಂಬುದೂ ಗೊತ್ತಿರಲಿಲ್ಲ. ನಮ್ಮ ಸಂಘದ ಇಬ್ಬರು ಹಿರಿಯರು ಅವನ ಜೊತೆ ದೂತಾವಾಸಕ್ಕೆ ಹೋಗಿಬಂದಿದ್ದಾರೆ. ಕೆಲಸ ಇನ್ನೂ ಮುಗಿದಿಲ್ಲ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಆದರೆ ಅವನು ಅವ್ವನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದ್ದಾನೆ. ಅವಳು ಏನೆಂದಳು ಎಂದು ಕೇಳಿದೆ. “ಬೈದ್ಳ್ರೀ. ಮೂರು ವರ್ಷದಿಂದ ಯಾಕ ಹೇಳಲಿಲ್ಲ ಅಂತ ಬೈದ್ಳು” ಎಂದ. ಮೊದಲ ಸಲ ನಗುತ್ತಿದ್ದ.

ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಎರಡು. ಒಂದು, ಮುಂದಿನ ರಾಜ್ಯೋತ್ಸವದಲ್ಲಿ ‘ಚಿಠ್ಠಿ ಆಯೀ ಹೈ’ ಧಾರಾಳವಾಗಿ ಹಾಡಲಿ, ಆದರೆ ಬಾಗಿಲ ಬಳಿ ಒಂದು ಮೇಜು ಹಾಕಿ, ಕಾಗದಪತ್ರ, ಪಾಸ್‌ಪೋರ್ಟ್, ಸಂಬಳದ ತೊಂದರೆ ಇರುವವರ ಮಾತು ಕೇಳಲು ತಿಳಿದವರೊಬ್ಬರನ್ನು ಕೂರಿಸೋಣ. ಎರಡು, ನಮ್ಮ ಮಕ್ಕಳಿಗೆ ಪ್ರಬಂಧ ಸ್ಪರ್ಧೆಗೆ ಪ್ರತಿವರ್ಷ ‘ನನ್ನ ಊರು’ ಎಂಬ ವಿಷಯ ಕೊಡುತ್ತೇವೆ. ಈ ಸಲ ‘ಊರಿನಿಂದ ಬಂದ ಪತ್ರಕ್ಕೆ ನನ್ನ ಉತ್ತರ’ ಎಂದು ಕೊಡೋಣ. ದೊಡ್ಡವರೂ ಬರೆಯಬಹುದು. ಬಹುಮಾನ ಬೇಡ.

ಚಿತ್ರ ನೋಡದವರು ಮನೆಮಂದಿಯೊಂದಿಗೆ ಕುಳಿತು ಒಮ್ಮೆ ನೋಡಿ. ಹಾಡು ಬಂದಾಗ ವಿಕ್ಕಿಯನ್ನು ಎಲ್ಲರೂ ನೋಡುತ್ತಾರೆ. ಉಳಿದ ಹೊತ್ತು ರವಿಯನ್ನು ನೋಡಿ. ಆಮೇಲೆ ಊರಲ್ಲಿ ಉಳಿದಿರುವ ನಿಮ್ಮ ಅಣ್ಣನಿಗೋ ಅಕ್ಕನಿಗೋ ಒಂದು ಫೋನ್ ಮಾಡಿ. ನಾನು ಮಾಡಿದೆ. ಏನೂ ವಿಶೇಷವಿಲ್ಲ, ಸುಮ್ಮನೆ ಮಾಡಿದೆ ಎಂದರೆ ಅಣ್ಣ ನಂಬಲಿಲ್ಲ. “ನಿಜ ಹೇಳು, ಆರೋಗ್ಯ ಉಂಟಲ್ಲ?” ಎಂದು ಮೂರು ಸಲ ಕೇಳಿದ.

ಒಪ್ಪದವರು, ಹಾಡಿನ ಅಭಿಮಾನಿಗಳು, ಸಂಪಾದಕರಿಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗವಿದೆ.

– ಸಂಘದ ಹಳೆಯ ಸದಸ್ಯ